ಐರನ್ ಬಿಸಿಗಿಡುವ ಮೊದಲು: ಆಡಿಯೋ ರಿಪೇರಿ ನೀವೇ ಮಾಡಬೇಕಾ, ಬೇಡವಾ?

ಹೆಡ್‌ಫೋನಿನ ಬಲಗಡೆ ಕೇಳಿಸುತ್ತಿಲ್ಲ. ಪಿನ್ನಿನ ಬುಡದಲ್ಲಿ ವೈರನ್ನು ಸ್ವಲ್ಪ ಬಗ್ಗಿಸಿ ಹಿಡಿದರೆ ಹಾಡು ಬರುತ್ತದೆ, ಕೈಬಿಟ್ಟರೆ ಹೋಗುತ್ತದೆ. ಇಂಥದ್ದು ಸಿಕ್ಕರೆ ನಾನು ಹಿಂದೆ ಮುಂದೆ ನೋಡುವುದಿಲ್ಲ. ಸೋಲ್ಡರಿಂಗ್ ಐರನ್, ಅಂದರೆ ಸೋಲ್ಡರ್ ಅನ್ನುವ ಮೆತ್ತನೆ ಲೋಹವನ್ನು ಕರಗಿಸಿ ವೈರ್ ಬೆಸೆಯುವ ಸಲಕರಣೆ, ಬಿಸಿಗಿಡುತ್ತೇನೆ.

ಇನ್ನೊಂದು ನೋಡಿ. ಆಂಪ್ಲಿಫೈಯರ್ ಆನ್ ಮಾಡಿದಾಗ ಎಲ್ಲಾ ಸರಿ ಇರುತ್ತದೆ. ಅರ್ಧ ಗಂಟೆ ಆದ ಮೇಲೆ ಎಡಗಡೆಯ ಸದ್ದು ಒಡೆಯಲು ಶುರುವಾಗುತ್ತದೆ. ಆಮೇಲೆ ನಿಂತೇ ಹೋಗುತ್ತದೆ. ಇದಕ್ಕೆ ನಾನು ಐರನ್ ಮುಟ್ಟುವುದಿಲ್ಲ. ಕನಿಷ್ಠ ಅವತ್ತಂತೂ ಮುಟ್ಟುವುದಿಲ್ಲ.

ಎರಡೂ ಕಡೆ ಐರನ್ ಹಿಡಿಯುವ ಕೈ ಒಂದೇ. ಆದರೆ ಮೊದಲನೆಯದರಲ್ಲಿ "ತೊಂದರೆ ಇಲ್ಲೇ ಇದೆ" ಅಂತ ಬೆರಳಿಟ್ಟು ತೋರಿಸಬಹುದು. ಎರಡನೆಯದರಲ್ಲಿ ಆಗುವುದಿಲ್ಲ. ರಿಪೇರಿ ಅಂದರೆ ಮೊದಲು ಹುಡುಕುವುದು, ಆಮೇಲೆ ಬೆಸೆಯುವುದು. ಹುಡುಕದೆ ಬೆಸೆಯಲು ಹೊರಟರೆ ಇದ್ದ ತೊಂದರೆಯ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ.

ನಾನು ಸಂಗೀತ ಕಲಿಸುವವಳು. ಎಲೆಕ್ಟ್ರಾನಿಕ್ಸ್ ಓದಿದವಳಲ್ಲ. ಕ್ಲಾಸಿನಲ್ಲಿ ನಾಲ್ಕು ಮೈಕು, ಅವುಗಳ ಸದ್ದು ಕೂಡಿಸುವ ಒಂದು ಸಣ್ಣ ಮಿಕ್ಸರ್, ಎರಡು ಪವರ್ಡ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವವು) ಇವೆ. ಮಕ್ಕಳು ವೈರ್ ತುಳಿಯುತ್ತಾರೆ, ಎಳೆಯುತ್ತಾರೆ, ಸುತ್ತಿ ಗಂಟು ಹಾಕುತ್ತಾರೆ. ತಿಂಗಳಿಗೆ ಒಂದಾದರೂ ಕೇಬಲ್ ಕೈಕೊಡುತ್ತದೆ. ಹಾಗಾಗಿ ಹನ್ನೆರಡು ವರ್ಷದ ಹಿಂದೆ ಐರನ್ ಹಿಡಿದೆ. ಅಷ್ಟು ವರ್ಷದಲ್ಲಿ ಬೆಸೆಯುವುದನ್ನು ಕಲಿತದ್ದಕ್ಕಿಂತ, ಯಾವುದಕ್ಕೆ ಕೈ ಹಾಕಬೇಕು, ಯಾವುದಕ್ಕೆ ಹಾಕಬಾರದು ಅನ್ನುವುದನ್ನೇ ಜಾಸ್ತಿ ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಾಗ ಹುಡುಕಿ

"ಕೆಟ್ಟಿದೆ" ಅಂತ ನನ್ನ ಹತ್ತಿರ ಬರುವ ಎಷ್ಟೋ ವಸ್ತುಗಳಿಗೆ ಸೋಲ್ಡರೇ ಬೇಕಾಗುವುದಿಲ್ಲ.

ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುತ್ತದೆ, ತಿರುಗಿಸದೆ ಬಿಟ್ಟರೆ ಸುಮ್ಮನಿರುತ್ತದೆ ಅಂದರೆ ಬಹುತೇಕ ಅದು ಒಳಗಿನ ಧೂಳು. ಪ್ಲಗ್ ಕಿತ್ತು, ಕಂಟ್ರೋಲಿನ ಸಣ್ಣ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಹೊಡೆದು, ಆ ಕಡೆಯಿಂದ ಈ ಕಡೆಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಪೂರ್ತಿ ಆರಿದ ಮೇಲೆ ಆನ್ ಮಾಡಿ. ಎಲೆಕ್ಟ್ರಾನಿಕ್ಸಿಗೆ ಅಂತಲೇ ಬರುವ ಕ್ಲೀನರ್ ಆಗಬೇಕು. ಬಾಗಿಲ ಕೀಲಿಗೆ ಹಾಕುವ ಎಣ್ಣೆ ಸ್ಪ್ರೇ ಹೊಡೆಯಬೇಡಿ. ಅದು ಧೂಳನ್ನು ಇನ್ನಷ್ಟು ಹಿಡಿದು ಕೂರಿಸುತ್ತದೆ.

ಒಂದು ಕಡೆಯ ಸ್ಪೀಕರ್ ಬರುತ್ತಿಲ್ಲ ಅಂದರೆ ನಾನು ಮಾಡುವ ಕೆಲಸ ಅದಲುಬದಲು. ಎಲ್ಲವನ್ನೂ ಆಫ್ ಮಾಡಿ, ಆಂಪ್ಲಿಫೈಯರಿನ ಹಿಂದೆ ಎಡ ಬಲ ಸ್ಪೀಕರ್ ವೈರುಗಳನ್ನು ಬದಲಾಯಿಸುತ್ತೇನೆ. ಆಮೇಲೆ ಆನ್ ಮಾಡಿ ಕೇಳುತ್ತೇನೆ. ಮೊದಲು ಎಡ ಸ್ಪೀಕರ್ ಸತ್ತಿತ್ತು, ಈಗಲೂ ಅದೇ ಸತ್ತಿದೆ ಅಂದರೆ ಆಂಪ್ಲಿಫೈಯರಿನದು ತಪ್ಪಿಲ್ಲ. ಸ್ಪೀಕರ್ ಅಥವಾ ಅದರ ವೈರ್ ನೋಡಬೇಕು. ಈಗ ಬಲ ಸ್ಪೀಕರ್ ಸತ್ತು ಎಡದ್ದು ಹಾಡುತ್ತಿದೆ ಅಂದರೆ ತೊಂದರೆ ಆಂಪ್ಲಿಫೈಯರಿನಲ್ಲೋ ಅದಕ್ಕಿಂತ ಹಿಂದೆಯೋ ಇದೆ. ಆಗ ಸ್ಪೀಕರ್ ವೈರನ್ನು ಮೊದಲಿನ ಹಾಗೆ ಮಾಡಿ, ಒಳಬರುವ ಎಡ ಬಲ ಕೇಬಲ್‌ಗಳನ್ನು ಬದಲಾಯಿಸಿ ನೋಡುತ್ತೇನೆ. ಹೀಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ. ಎರಡು ಮೂರು ಬದಲಾವಣೆಯಲ್ಲಿ ತಪ್ಪಿತಸ್ಥ ಯಾವ ಡಬ್ಬದಲ್ಲಿ ಇದ್ದಾನೆ ಅಂತ ಗೊತ್ತಾಗಿಬಿಡುತ್ತದೆ. ಇಷ್ಟಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ.

ವೋಲ್ಟ್, ಓಮ್ (ಕರೆಂಟಿಗಿರುವ ತಡೆಯ ಅಳತೆ) ಅಳೆಯುವ ಒಂದು ಮಲ್ಟಿಮೀಟರ್ ಮಾತ್ರ ಬೇಕೇ ಬೇಕು. ಐರನ್ನಿಗಿಂತ ಮೊದಲು ಅದನ್ನು ಕೊಳ್ಳಿ ಅನ್ನುತ್ತೇನೆ. ಬೀಪ್ ಸದ್ದಿನ ಸೆಟ್ಟಿಂಗಿನಲ್ಲಿ ಕೇಬಲ್ಲಿನ ಈ ತುದಿ ಆ ತುದಿ ಮುಟ್ಟಿಸಿ, ವೈರ್ ಅಲ್ಲಾಡಿಸುತ್ತಾ ಹೋಗಿ. ಬೀಪ್ ಎಲ್ಲಿ ಕಡಿಯುತ್ತದೋ ಅಲ್ಲಿ ಬೆರಳಿಡಿ. ಸ್ಪೀಕರನ್ನೂ ಅದರಲ್ಲೇ ನೋಡಬಹುದು. ಓಮ್ ಸೆಟ್ಟಿಂಗಿನಲ್ಲಿ, ವೈರ್ ಬಿಚ್ಚಿದ 8 ಓಮ್ ಸ್ಪೀಕರ್ ಸುಮಾರು 6 ಓಮ್ ತೋರಿಸುತ್ತದೆ. ಅದು ಸರಿಯಾದದ್ದೇ, ಹೆದರಬೇಡಿ. ಏನೂ ತೋರಿಸದಿದ್ದರೆ ಒಳಗಿನ ಸುರುಳಿಯೋ ಅದಕ್ಕೆ ಹೋಗುವ ವೈರೋ ಕಡಿದಿದೆ.

ಮೈಕ್ ಬಳಸುವವರಿಗೆ ಇನ್ನೊಂದು ಗುರುತು. ಒಂದು ಕೇಬಲ್ಲಿನಲ್ಲಿ ಬೇರೆ ಕರೆಂಟ್ ಬೇಡದ ಸಾದಾ ಡೈನಮಿಕ್ ಮೈಕ್ ಹಾಕಿದರೆ ಸದ್ದು ಬರುತ್ತದೆ, ಜೊತೆಗೆ ಗುಂಯ್ ಅನ್ನುವುದೂ ಇರುತ್ತದೆ. ಕಂಡೆನ್ಸರ್ ಮೈಕ್ ಹಾಕಿದರೆ, ಅದಕ್ಕೆ ಮಿಕ್ಸರಿನಿಂದ ಕೇಬಲ್ಲಿನಲ್ಲೇ ಹೋಗುವ 48 ವೋಲ್ಟ್ ಕರೆಂಟ್, ಅಂದರೆ ಫ್ಯಾಂಟಮ್, ಆನ್ ಇದ್ದರೂ ಏನೂ ಬರುವುದಿಲ್ಲ. ಇಂಥ ಕೇಬಲ್ಲಿನಲ್ಲಿ ನಾನು ಮೊದಲು ನೋಡುವುದು ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಪಿನ್ 1. ಫ್ಯಾಂಟಮ್ ಕರೆಂಟ್ ಒಳಗಿನ ಎರಡೂ ವೈರಿನಲ್ಲಿ ಹೋಗಿ, ಅವುಗಳ ಸುತ್ತ ಇರುವ ಲೋಹದ ಜಾಲರಿಯಲ್ಲಿ ವಾಪಸ್ ಬರಬೇಕು. ಜಾಲರಿ ಪಿನ್ 1ರಿಂದ ಬಿಟ್ಟುಕೊಂಡರೆ ವಾಪಸ್ ಬರುವ ದಾರಿಯೇ ಇಲ್ಲ. ಇಷ್ಟು ಗೊತ್ತಾದರೆ ಪ್ಲಗ್ ಬಿಚ್ಚುವ ಮೊದಲೇ ಬೆರಳಿಡುವ ಜಾಗ ಸಿಕ್ಕ ಹಾಗೆ.

ಬೋರ್ಡಿನ ಮೇಲೆ ಕಣ್ಣಿಗೆ ಕಾಣುವ ತೊಂದರೆ

ನಮ್ಮ ಮಿಕ್ಸರಿನ ಮೂರನೇ ಚಾನೆಲ್ ಒಂದು ಸಲ ಹೀಗೆ ಮಾಡಿತು. ಮೈಕಿನ ವೈರ್ ಅಲ್ಲಾಡಿದರೆ ಚಟಚಟ. ಕೇಬಲ್ ಬದಲಾಯಿಸಿದೆ, ಮತ್ತೆ ಚಟಚಟ. ಅದೇ ಕೇಬಲ್ಲನ್ನು ನಾಲ್ಕನೇ ಚಾನೆಲ್ಲಿಗೆ ಹಾಕಿದೆ, ಸದ್ದೇ ಇಲ್ಲದೆ ಚೆನ್ನಾಗಿ ಬಂತು. ಹಾಗಾದರೆ ತೊಂದರೆ ಮೂರನೇ ಸಾಕೆಟ್ಟಿನಲ್ಲೇ.

ಅದು ಅಡಾಪ್ಟರಿನಿಂದ ನಡೆಯುವ ಸಣ್ಣ ಮಿಕ್ಸರ್. ಮನೆ ಕರೆಂಟ್ ಅದರೊಳಗೆ ಬರುವುದೇ ಇಲ್ಲ. ಅಡಾಪ್ಟರ್ ಕಿತ್ತು, ಸ್ಕ್ರೂ ಬಿಚ್ಚಿ, ಪಾರ್ಟುಗಳನ್ನು ಬೆಸೆದಿರುವ ಬೋರ್ಡ್ ತಿರುಗಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆ. ಮೇಲಿಂದ ನೇರ ಬೆಳಕು ಬಿಟ್ಟರೆ ಎಲ್ಲವೂ ಫಳಫಳ ಅಂದು ಏನೂ ಕಾಣುವುದಿಲ್ಲ. ಓರೆ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದರೆ ಕಂಡಿತು: ಸಾಕೆಟ್ಟಿನ ಒಂದು ಕಾಲಿನ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ಕಾಲು ನಡುವೆ, ಸೋಲ್ಡರ್ ಸುತ್ತ, ಮಧ್ಯೆ ಬಿರುಕು. ಕಡ್ಡಿಯಲ್ಲಿ ಸಾಕೆಟ್ ಒತ್ತಿದರೆ ಕಾಲು ಆ ಉಂಗುರದೊಳಗೆ ಮೇಲೆ ಕೆಳಗೆ ಆಡುತ್ತಿತ್ತು.

ರಿಪೇರಿಯವರು ಇದನ್ನು ಡ್ರೈ ಸೋಲ್ಡರ್ ಅನ್ನುತ್ತಾರೆ. ಆಡಿಯೋ ಸಾಮಾನಿನಲ್ಲಿ ತುಂಬ ಸಾಮಾನ್ಯ. ಪದೇ ಪದೇ ಎಳೆತ ಬೀಳುವ ಕಡೆ, ಬಿಸಿಯಾಗಿ ತಣ್ಣಗಾಗುವ ಕಡೆ, ಭಾರದ ಪಾರ್ಟ್ ಕೂತಿರುವ ಕಡೆ ಇದು ಬರುತ್ತದೆ. ಅಂದರೆ ಜ್ಯಾಕ್, ಸಾಕೆಟ್, ವಾಲ್ಯೂಮ್ ಕಂಟ್ರೋಲಿನ ಕಾಲುಗಳು, ರಿಲೇ, ಹೀಟ್‌ಸಿಂಕಿಗೆ ತಾಗಿದ ಟ್ರಾನ್ಸಿಸ್ಟರ್, ಟ್ರಾನ್ಸ್‌ಫಾರ್ಮರಿನ ಕಾಲು. ಮೊದಲು ಅಲ್ಲಿ ನೋಡಿ. ಒಂದು ಎಚ್ಚರಿಕೆ: ಸೋಲ್ಡರ್ ಮಂಕಾಗಿದೆ ಅಂದ ಮಾತ್ರಕ್ಕೆ ಅದು ಕೆಟ್ಟಿದೆ ಅಂತ ಅಲ್ಲ. ಸೀಸ ಇಲ್ಲದ ಸೋಲ್ಡರ್ ಹುಟ್ಟುತ್ತಲೇ ಮಂಕು. ಬಿರುಕು ಹುಡುಕಿ, ಹೊಳಪು ಹುಡುಕಬೇಡಿ.

ಸೋಲ್ಡರ್ ಚೆನ್ನಾಗಿ ಹಿಡಿಯಲಿ ಅಂತ ಆ ಕಾಲಿಗೆ ಸ್ವಲ್ಪ ಫ್ಲಕ್ಸ್ ಹಚ್ಚಿ, ಐರನ್ ತಾಗಿಸಿ, ಹೊಸ ಸೋಲ್ಡರ್ ಒಂದು ಚೂರು ಕೊಟ್ಟೆ. ಹಳೆಯದೂ ಹೊಸದೂ ಒಟ್ಟಿಗೆ ಕರಗಿ ಕಾಲಿನ ಸುತ್ತ ಏರಿತು. ಬಿಚ್ಚಿ ಮುಚ್ಚಲು ಮುಕ್ಕಾಲು ಗಂಟೆ, ಬೆಸೆಯಲು ಐದು ಸೆಕೆಂಡ್. ಇಂಥ ರಿಪೇರಿ ನೀವೇ ಮಾಡಿ. ಜ್ಯಾಕ್ ಸಡಿಲವಾಗಿದೆ ಅಂತ ಒಳ್ಳೊಳ್ಳೆ ಮಿಕ್ಸರುಗಳನ್ನು ಜನ ಮೂಲೆಗೆ ಹಾಕುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಣ್ಣಿಗೆ ಕಾಣುವ ಇನ್ನೊಂದು ತೊಂದರೆ ಉಬ್ಬಿದ ಕೆಪಾಸಿಟರ್. ಡಬ್ಬಿಯಂಥ ಆ ಪಾರ್ಟಿನ ತಲೆ ಚಪ್ಪಟೆಯಾಗಿರಬೇಕು. ಗುಮ್ಮಟದ ಹಾಗೆ ಎದ್ದಿದ್ದರೆ ಅದರ ಕಾಲ ಮುಗಿದಿದೆ. ಬದಲಾಯಿಸುವಾಗ ಮೈಕ್ರೋಫ್ಯಾರಡ್ (ಎಷ್ಟು ಕರೆಂಟ್ ತುಂಬಿಟ್ಟುಕೊಳ್ಳಬಲ್ಲದು ಅನ್ನುವ ಅಳತೆ) ಅಷ್ಟೇ ಇರಬೇಕು. ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಡಿಮೆ ಇರಬಾರದು. ಮೈಮೇಲೆ ಉದ್ದಕ್ಕೆ ಪಟ್ಟೆ ಇರುವ ಕಡೆಯ ಕಾಲು ಮೈನಸ್. ಉಲ್ಟಾ ಹಾಕಿ ಆನ್ ಮಾಡಿದರೆ ಅದು ಸಿಡಿಯುತ್ತದೆ. ಹಳೆಯದನ್ನು ಕೀಳುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಆದರೆ ಕೆಪಾಸಿಟರ್ ಅಂದ ಕೂಡಲೇ ಮುಂದಿನ ಮಾತನ್ನು ಪೂರ್ತಿ ಓದಲೇಬೇಕು.

ಪ್ಲಗ್ ಕಿತ್ತರೂ ಒಳಗೆ ಕರೆಂಟ್ ಇರುತ್ತದೆ

ಇಲ್ಲಿ ನಾನು ಸ್ವಲ್ಪವೂ ರಾಜಿ ಮಾಡಿಕೊಳ್ಳುವುದಿಲ್ಲ.

ಮನೆ ಕರೆಂಟಿಗೆ ನೇರ ಸಿಕ್ಕಿಸುವ ಯಾವ ಆಡಿಯೋ ಡಬ್ಬದಲ್ಲೂ ದೊಡ್ಡ ಕೆಪಾಸಿಟರ್ ಇರುತ್ತದೆ. ಅದು ಕರೆಂಟನ್ನು ತುಂಬಿಟ್ಟುಕೊಳ್ಳುವ ತೊಟ್ಟಿ. ಪ್ಲಗ್ ಕಿತ್ತರೆ ತೊಟ್ಟಿಗೆ ಹೊಸದಾಗಿ ತುಂಬುವುದು ನಿಲ್ಲುತ್ತದೆ, ಒಳಗಿರುವುದು ಖಾಲಿಯಾಗುವುದಿಲ್ಲ. ಕೆಲವು ಡಬ್ಬಗಳಲ್ಲಿ ಅದನ್ನು ತಾನಾಗಿ ಖಾಲಿ ಮಾಡುವ ರೆಸಿಸ್ಟರ್ ಇರುತ್ತದೆ. ಕೆಲವದರಲ್ಲಿ ಇರುವುದಿಲ್ಲ. ಇದ್ದರೂ ಅದೇ ಕೆಟ್ಟಿರಬಹುದು.

230 ವೋಲ್ಟಿನ ಕರೆಂಟನ್ನು ಡಿಸಿ ಮಾಡಿದರೆ ಅದು ಸುಮಾರು 325 ವೋಲ್ಟ್ ಆಗುತ್ತದೆ. ಈಗಿನ ಹಗುರ ಪವರ್ಡ್ ಸ್ಪೀಕರುಗಳಲ್ಲಿ ಪವರ್ ಸಪ್ಲೈ ಭಾಗದ ಕೆಪಾಸಿಟರ್ ಹಿಡಿದುಕೊಂಡಿರುವುದು ಇಷ್ಟನ್ನು. ವಾಲ್ವ್ ಆಂಪ್ಲಿಫೈಯರ್ (ಟ್ರಾನ್ಸಿಸ್ಟರ್ ಬದಲು ಬೆಳಗುವ ಗಾಜಿನ ವಾಲ್ವ್ ಇರುವುದು) ಆದರೆ 300ರಿಂದ 500 ವೋಲ್ಟ್ ಸಾಮಾನ್ಯ. 450 ವೋಲ್ಟ್ ತುಂಬಿದ 100 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ ಸುಮಾರು 10 ಜೂಲ್ ಶಕ್ತಿ ಇರುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹಾದುಹೋದರೆ ಅದು ಪ್ರಾಣಕ್ಕೇ ಅಪಾಯ.

ಕಲಿತವರು ಅದನ್ನು ಹೇಗೆ ಖಾಲಿ ಮಾಡುತ್ತಾರೆ ಅಂತ ಹೇಳುತ್ತೇನೆ, ಯಾಕೆ ತಾಳ್ಮೆ ಬೇಕು ಅಂತ ಗೊತ್ತಾಗಲಿ. ಚೆನ್ನಾಗಿ ಮುಚ್ಚಿದ ವೈರಿನಲ್ಲಿ 10 ಕಿಲೋ ಓಮಿನ, 5 ವ್ಯಾಟಿನ ರೆಸಿಸ್ಟರ್ ಕಟ್ಟಿ ಕೆಪಾಸಿಟರಿನ ಎರಡು ಕಾಲಿಗೆ ತಾಗಿಸುತ್ತಾರೆ. 100 ಮೈಕ್ರೋಫ್ಯಾರಡ್ ಆದರೆ ಐದು ಸೆಕೆಂಡಿನಲ್ಲಿ ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆಗೆ ಇಳಿಯುತ್ತದೆ. ದೊಡ್ಡದಾದರೆ ಇನ್ನೂ ಜಾಸ್ತಿ ಹೊತ್ತು. ಆಮೇಲೆ ಮೀಟರ್ ಹಿಡಿದು ಸೊನ್ನೆಯ ಹತ್ತಿರ ಬಂತಾ ಅಂತ ನೋಡುತ್ತಾರೆ. ಅದಾದ ಮೇಲಷ್ಟೇ ಕೈ ಹಾಕುತ್ತಾರೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವವರನ್ನು ನೋಡಿ ಕಲಿಯಬೇಡಿ. ಕಿಡಿ ಹಾರಿ ಲೋಹ ಸಿಡಿಯುತ್ತದೆ, ಕೆಪಾಸಿಟರೂ ಹಾಳಾಗುತ್ತದೆ.

ನನ್ನ ಅಪ್ಪನದ್ದು ಒಂದು ವಾಲ್ವ್ ಆಂಪ್ಲಿಫೈಯರ್ ಇದೆ. ಅದರ ಕಿತ್ತಳೆ ಬೆಳಕು ನೋಡುತ್ತಾ ನಾನು ಪಾಠ ಒಪ್ಪಿಸಿದ್ದೇನೆ. ಅದು ಕೆಟ್ಟಾಗ ನಾನೇ ಸರಿ ಮಾಡಬೇಕು ಅಂತ ತುಂಬ ಆಸೆಯಿತ್ತು. ಕೇಬಲ್ ಬೆಸೆಯುವ ಕೈ ನನ್ನದು ಚೆನ್ನಾಗಿಯೇ ಇತ್ತು. ಆದರೂ ಅದರ ತಳ ಬಿಚ್ಚಿ, ಒಮ್ಮೆ ನೋಡಿ, ಮತ್ತೆ ಮುಚ್ಚಿದೆ. ಆ ವೋಲ್ಟೇಜಿನಲ್ಲಿ ಕೆಲಸ ಮಾಡಿ ಅಭ್ಯಾಸ ಇರುವವರ ಕೈಗೆ ಕೊಟ್ಟೆ. ನೀವೂ ಹಾಗೇ ಮಾಡಿ. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಇಲ್ಲದೆ ಮೊದಲ ಸಲ ಇಂಥದ್ದನ್ನು ಬಿಚ್ಚಬೇಡಿ.

ಹಾಗಾಗಿ ಹೊಸದಾಗಿ ಶುರು ಮಾಡುವವರಿಗೆ ನಾನು ಹಾಕಿಕೊಡುವ ಗೆರೆ ಇದು. ಕೇಬಲ್, ಹೆಡ್‌ಫೋನ್, ಡೈನಮಿಕ್ ಮೈಕಿನ ಕನೆಕ್ಟರ್, ಎಲೆಕ್ಟ್ರಿಕ್ ಗಿಟಾರಿನ ಜ್ಯಾಕ್, ಆಂಪ್ಲಿಫೈಯರ್ ಇಲ್ಲದ ಸ್ಪೀಕರ್ ಡಬ್ಬದ ಒಳಗಿನ ವೈರ್, ಬ್ಯಾಟರಿ ಸೆಲ್ ಅಥವಾ ಕಡಿಮೆ ವೋಲ್ಟಿನ ಡಿಸಿ ಅಡಾಪ್ಟರಿನಿಂದ ನಡೆಯುವ ಸಣ್ಣ ಸಾಮಾನು. ಇವು ಗೆರೆಯ ಈ ಕಡೆ. ಗೋಡೆಯ ಸಾಕೆಟ್ಟಿಗೆ ನೇರ ಹೋಗುವ ವೈರ್ ಇರುವುದೆಲ್ಲ ಗೆರೆಯ ಆ ಕಡೆ. ಮುಂದೆ ಕಲಿತು ದಾಟಬಹುದು. ಮೊದಲ ವರ್ಷ ದಾಟಬೇಡಿ.

ಇದರ ಜೊತೆಗೆ ಎರಡು ಮಾತು. ಗುಂಯ್ ಸದ್ದು ಹೋಗುತ್ತದೆ ಅಂತ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ವೈರ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ. ಒಳಗೆ ಏನಾದರೂ ಶಾರ್ಟ್ ಆದರೆ ನಿಮ್ಮನ್ನು ಕಾಯುವುದು ಅದೇ ವೈರ್. ಮೈಕ್ ಹಿಡಿದು ಹಾಡುವ ಮಗುವಿನ ಕೈಗೆ, ತುಟಿಗೆ ಶಾಕ್ ಹೊಡೆಯುವುದು ಇಂಥ ಕಡೆಯೇ. ಹಾಗೇ, ಫ್ಯೂಸ್ ಹೋದರೆ ಅಷ್ಟೇ ಆಂಪಿನ, ಅದೇ ಬಗೆಯ ಫ್ಯೂಸ್ ಹಾಕಿ. ಅದೂ ಹೋದರೆ ನಿಲ್ಲಿಸಿ. ದೊಡ್ಡ ಫ್ಯೂಸ್ ಹಾಕಿ ಓಡಿಸಿದರೆ ಫ್ಯೂಸಿನ ಬದಲು ಬೇರೇನೋ ಸುಡುತ್ತದೆ.

ಕೈ ತಪ್ಪಿದರೆ ವಾಪಸ್ ತರಬಹುದಾ?

ಕೇಬಲ್ ಕೆಟ್ಟರೆ ಎರಡು ಇಂಚು ಕತ್ತರಿಸಿ ಮತ್ತೆ ಶುರು ಮಾಡಬಹುದು. ಕೇಬಲ್ ಎಷ್ಟು ತಪ್ಪನ್ನಾದರೂ ತಡೆದುಕೊಳ್ಳುತ್ತದೆ. ಬೋರ್ಡ್ ತಡೆದುಕೊಳ್ಳುವುದಿಲ್ಲ.

ಇದನ್ನು ನಾನು ಒಬ್ಬ ವಿದ್ಯಾರ್ಥಿನಿಯ ಕೀಬೋರ್ಡಿನಲ್ಲಿ ಕಲಿತೆ. ಹೆಡ್‌ಫೋನ್ ಜ್ಯಾಕ್ ಮುರಿದಿತ್ತು. ಜಾಗ ಗೊತ್ತಿತ್ತು, ವೋಲ್ಟ್ ಕಡಿಮೆ, ಎಲ್ಲಾ ಸರಿ ಅಂದುಕೊಂಡೆ. ಜ್ಯಾಕಿಗೆ ಐದು ಕಾಲು. ಒಂದೊಂದೇ ಕರಗಿಸಿ, ಸೋಲ್ಡರ್ ಹೀರುವ ಪಂಪಿನಲ್ಲಿ ಎಳೆದೆ. ನಾಲ್ಕು ಬಿಟ್ಟವು. ಐದನೆಯದು ಗ್ರೌಂಡಿನ ಕಾಲು, ಅಗಲ ತಾಮ್ರಕ್ಕೆ ಸೇರಿಕೊಂಡಿತ್ತು. ಎಷ್ಟು ಬಿಸಿ ಕೊಟ್ಟರೂ ಆ ತಾಮ್ರ ಹೀರಿಕೊಳ್ಳುತ್ತಿತ್ತು. ನನ್ನ ಐರನ್ ಸಣ್ಣದು, ತುದಿ ಸೂಜಿಯ ಹಾಗೆ ಚೂಪು. ಇಪ್ಪತ್ತು ಸೆಕೆಂಡ್ ಹಿಡಿದೆ. ಕರಗಿತು ಅಂದುಕೊಂಡು ಜ್ಯಾಕ್ ಎಳೆದೆ. ಜ್ಯಾಕ್ ಬಂತು. ಅದರ ಜೊತೆ ಬೋರ್ಡಿನ ಮೇಲಿದ್ದ ತಾಮ್ರದ ಬಿಲ್ಲೆಯೂ ಎದ್ದು ಬಂತು. ರಂಧ್ರದ ಒಳಗಿನ ಲೋಹದ ಲೇಪವೂ ಕಿತ್ತು ಬಂದಿತ್ತು. ಆ ಹುಡುಗಿಗೆ ಮರುದಿನ ಕಾರ್ಯಕ್ರಮವಿತ್ತು. ಅನುಭವಿಯೊಬ್ಬರು ಆಮೇಲೆ ಸಣ್ಣ ವೈರ್ ಎಳೆದು ಸರಿ ಮಾಡಿಕೊಟ್ಟರು. ಆದರೆ ಕಾರ್ಯಕ್ರಮಕ್ಕೆ ಕೀಬೋರ್ಡ್ ಇರಲಿಲ್ಲ. ಅವತ್ತಿನಿಂದ, ನಾಳೆ ಬೇಕಾದ ವಸ್ತುವನ್ನು ಇವತ್ತು ರಾತ್ರಿ ಬಿಚ್ಚುವುದನ್ನು ಬಿಟ್ಟಿದ್ದೇನೆ.

ತಪ್ಪು ಎಲ್ಲಿ ಆಯಿತು ಅಂತ ಈಗ ಗೊತ್ತು. ಯುರೋಪ್ ಒಕ್ಕೂಟದಲ್ಲಿ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ಸ್ ಸಾಮಾನಿನಲ್ಲಿ ಸೀಸಕ್ಕೆ ಕಡಿವಾಣ ಬಿತ್ತು. ಆಮೇಲೆ ಬಂದ ಬಹುತೇಕ ಬೋರ್ಡುಗಳ ಸೋಲ್ಡರಿನಲ್ಲಿ ಸೀಸ ಇಲ್ಲ. ತವರ 63, ಸೀಸ 37 ಇರುವ ಹಳೆ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ. ಸೀಸ ಇಲ್ಲದ್ದು ಕರಗಲು ಸುಮಾರು 217 ಡಿಗ್ರಿ ಬೇಕು. ಅಂಥ ಕಾಲು ಬಿಡದಿದ್ದರೆ ಜಾಸ್ತಿ ಹೊತ್ತು ಒತ್ತಿ ಹಿಡಿಯಬಾರದು. ಫ್ಲಕ್ಸ್ ಹಚ್ಚಿ, ಸೀಸ ಇರುವ ಹೊಸ ಸೋಲ್ಡರ್ ಸೇರಿಸಬೇಕು. ಎರಡೂ ಬೆರೆತು ಬೇಗ ಕರಗುತ್ತವೆ, ಆಗ ಎಳೆಯಬೇಕು. ಅಗಲ ತುದಿಯ ಐರನ್ ಬೇಕು. ಮುಖ್ಯವಾಗಿ, ಎಳೆಯುವಾಗ ಬಲ ಬೇಕಾಯಿತು ಅಂದರೆ ಇನ್ನೂ ಪೂರ್ತಿ ಕರಗಿಲ್ಲ ಅಂತಲೇ ಅರ್ಥ.

ಕೆಲವು ವಸ್ತು ವೋಲ್ಟ್ ಕಡಿಮೆ ಇದ್ದರೂ ನನ್ನ ಕೈಗೆ ಬೇಡ. ರೆಕಾರ್ಡ್ ಪ್ಲೇಯರಿನ ಮುಳ್ಳು ಹಿಡಿದಿರುವ ಕಾರ್ಟ್ರಿಜ್ಜಿನ ಪಿನ್ನುಗಳಿಗೆ ನೇರ ಐರನ್ ಇಟ್ಟರೆ ಒಳಗಿನ ಕೂದಲೆಳೆಯ ಸುರುಳಿ ಸುಟ್ಟುಹೋಗುತ್ತದೆ. ಸಣ್ಣ ಕ್ಲಿಪ್ಪನ್ನು ಹೊರಗೇ ವೈರಿಗೆ ಬೆಸೆದು, ತಣ್ಣಗಾದ ಮೇಲೆ ಪಿನ್ನಿಗೆ ಸಿಕ್ಕಿಸಬೇಕು. ರಿಬ್ಬನ್ ಮೈಕಿನ ಒಳಗಿನ ಹಾಳೆ ಊದಿದರೂ ಹರಿಯುವಷ್ಟು ತೆಳು. ಬ್ಲೂಟೂತ್ ಸ್ಪೀಕರಿನ ಲಿಥಿಯಂ ಸೆಲ್ಲಿನ ಮೈಗೆ ಯಾವತ್ತೂ ಐರನ್ ಇಡಬೇಡಿ, ಬೆಂಕಿ ಹತ್ತಿಕೊಳ್ಳಬಹುದು. ಅಂಟು ಹಾಕಿ ಮುಚ್ಚಿದ ಇಯರ್‌ಬಡ್ ಬಿಚ್ಚಿದರೆ ಮೊದಲಿನ ಹಾಗೆ ಮುಚ್ಚಲು ಬರುವುದಿಲ್ಲ. ಎಳ್ಳಿನಷ್ಟು ಸಣ್ಣ ಪಾರ್ಟುಗಳ ಬೋರ್ಡಿಗೆ ಬೇರೆ ಸಲಕರಣೆ, ಬೇರೆ ಅಭ್ಯಾಸ ಬೇಕು. ವಾರಂಟಿ ಇನ್ನೂ ಇದ್ದರೆ ಸ್ಕ್ರೂ ಮುಟ್ಟುವ ಪ್ರಶ್ನೆಯೇ ಇಲ್ಲ, ಅಲ್ವಾ?

ನಿಮ್ಮ ಕೈ ತಯಾರಿದೆಯಾ?

ಗುಜರಿಗೆ ಹೋಗುವ ಯಾವುದಾದರೂ ಬೋರ್ಡ್ ಇಟ್ಟುಕೊಳ್ಳಿ. ಅದರಿಂದ ಒಂದು ಜ್ಯಾಕನ್ನು ತಾಮ್ರ ಏಳದ ಹಾಗೆ ಕಿತ್ತು, ರಂಧ್ರ ಶುಚಿ ಮಾಡಿ, ಅದನ್ನೇ ವಾಪಸ್ ಬೆಸೆಯಿರಿ. ಮೂರು ಬೇರೆ ಬೇರೆ ಜಾಗದಲ್ಲಿ ಮೂರು ಸಲ ಸರಿ ಬಂದರೆ ನಿಮ್ಮ ಸ್ವಂತ ಮಿಕ್ಸರ್ ಬಿಚ್ಚಬಹುದು. ಬರಲಿಲ್ಲ ಅಂದರೆ ಇನ್ನೊಂದು ವಾರ ಗುಜರಿ ಬೋರ್ಡಿನ ಮೇಲೆ ಕೂರಿ.

ಬಿಸಿ ಎಷ್ಟಿದೆ ಅಂತ ಸೆಟ್ ಮಾಡಲು ಬರುವ, 60 ವ್ಯಾಟ್ ಸುಮಾರಿನ ಐರನ್ ಒಳ್ಳೆಯದು. ಸೀಸದ ಸೋಲ್ಡರಿಗೆ 320ರಿಂದ 350 ಡಿಗ್ರಿ ಇಡುತ್ತೇನೆ. ತುದಿ ಉಳಿಯ ಹಾಗೆ ಚಪ್ಪಟೆ ಇರಲಿ, 2-3 ಮಿಲಿಮೀಟರ್ ಅಗಲ. ಚೂಪು ತುದಿ ನೋಡಲು ನಾಜೂಕು, ಬಿಸಿ ಮಾತ್ರ ದಾಟಿಸುವುದಿಲ್ಲ. ಸೋಲ್ಡರ್ ವೈರ್ 0.8 ಮಿಲಿಮೀಟರ್ ದಪ್ಪದ್ದು, ಒಳಗೆ ರೋಸಿನ್ ಫ್ಲಕ್ಸ್ ಇರುವುದು. ನಲ್ಲಿ ಪೈಪಿಗೆ ಬಳಸುವ ಆಸಿಡ್ ಫ್ಲಕ್ಸ್ ಬೇಡ, ತಾಮ್ರವನ್ನು ತಿಂದುಹಾಕುತ್ತದೆ. ಮೇಲೇಳುವ ಹೊಗೆ ಸೀಸದ್ದಲ್ಲ, ಫ್ಲಕ್ಸಿನದು. ಆದರೂ ಅದು ಆಸ್ತಮಾ ತರಬಲ್ಲದು. ಕಿಟಕಿ ತೆರೆದು, ಹೊಗೆಯನ್ನು ಮುಖದಿಂದ ಆಚೆ ಎಳೆಯುವ ಹಾಗೆ ಫ್ಯಾನ್ ಇಡಿ. ಸೀಸ ಅಂಟುವುದು ಕೈಗೆ. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ತೊಳೆಯಿರಿ, ಅಲ್ಲಿಯವರೆಗೆ ಏನೂ ತಿನ್ನಬೇಡಿ. ಕಣ್ಣಿಗೆ ಕನ್ನಡಕ ಇರಲಿ. ಸಣ್ಣ ಮಕ್ಕಳನ್ನು ಆ ಮೇಜಿನ ಹತ್ತಿರ ಬಿಟ್ಟುಕೊಳ್ಳಬೇಡಿ.

ಮೊದಲ ಕೆಲಸ: ಒಂದು ಮೈಕ್ ಕೇಬಲ್

ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲಿನಿಂದ ಶುರು ಮಾಡಿ. ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ.

ಕತ್ತರಿಸಿದ ತುದಿಗೆ ಮೊದಲು ಕನೆಕ್ಟರಿನ ಹಿಂದಿನ ಮುಚ್ಚಳ ತೂರಿಸಿ. ಎಲ್ಲಕ್ಕಿಂತ ಮೊದಲು ಇದು. ಬೆಸೆದಾದ ಮೇಲೆ ತೂರಿಸಲು ಬರುವುದಿಲ್ಲ, ಬೆಸೆದದ್ದನ್ನು ಬಿಚ್ಚಬೇಕಾಗುತ್ತದೆ. ಹೊರಗಿನ ರಬ್ಬರನ್ನು ಸುಮಾರು 20 ಮಿಲಿಮೀಟರ್ ಸುಲಿಯಿರಿ. ಬ್ಲೇಡನ್ನು ಒತ್ತಬೇಡಿ. ಸುತ್ತಲೂ ಗೀರು ಹಾಕಿ ಬಗ್ಗಿಸಿದರೆ ತಾನೇ ಬಾಯಿಬಿಡುತ್ತದೆ. ಒತ್ತಿದರೆ ಒಳಗಿನ ಜಾಲರಿಯ ಎಳೆಗಳು ತುಂಡಾಗುತ್ತವೆ. ಜಾಲರಿಯನ್ನು ಬಿಡಿಸಿ ಒಂದೇ ಜಡೆಯಾಗಿ ಹೊಸೆಯಿರಿ. ಒಳಗಿನ ಎರಡು ವೈರಿನ ತುದಿಯನ್ನು 5 ಮಿಲಿಮೀಟರ್ ಸುಲಿಯಿರಿ.

ಈಗ ಮೂರಕ್ಕೂ ಸೋಲ್ಡರ್ ಕುಡಿಸಿ. ಐರನ್ನನ್ನು ವೈರಿನ ಕೆಳಗೆ ಹಿಡಿದು, ಸೋಲ್ಡರನ್ನು ಮೇಲಿನಿಂದ ವೈರಿಗೆ ತಾಗಿಸಿ. ಐರನ್ನಿಗೆ ತಾಗಿಸಬೇಡಿ. ವೈರ್ ಬಿಸಿಯಾದ ಕ್ಷಣ ಸೋಲ್ಡರ್ ಎಳೆಗಳ ಮಧ್ಯೆ ಸರ್ರನೆ ಇಳಿಯುತ್ತದೆ. ನನಗೆ ಈಗಲೂ ಅದನ್ನು ನೋಡುವುದು ಇಷ್ಟ. ಹಾಗೇ ಕನೆಕ್ಟರಿನ ಪಿನ್ನುಗಳ ಹಿಂದಿರುವ ಮೂರು ಸಣ್ಣ ಬಟ್ಟಲುಗಳಿಗೂ ಅರ್ಧರ್ಧ ತುಂಬಿಸಿ. ಕನೆಕ್ಟರನ್ನು ಅದರ ಜೋಡಿ ಕನೆಕ್ಟರಿಗೆ ಸಿಕ್ಕಿಸಿಟ್ಟು ಈ ಕೆಲಸ ಮಾಡಿ. ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾದರೂ ಪಿನ್ನುಗಳು ಓರೆಯಾಗುವುದಿಲ್ಲ.

ಪಿನ್ 1ಕ್ಕೆ ಜಾಲರಿ, 2ಕ್ಕೆ ಪ್ಲಸ್, 3ಕ್ಕೆ ಮೈನಸ್. ನಂಬರ್ ಕನೆಕ್ಟರಿನ ಮೇಲೇ ಸಣ್ಣದಾಗಿ ಬರೆದಿರುತ್ತದೆ, ಬೆಳಕಿಗೆ ಹಿಡಿದು ಓದಿ. ಆ ತುದಿಯಲ್ಲಿ ಯಾವ ಬಣ್ಣ 2ಕ್ಕೆ ಹೋಗಿದೆಯೋ ಈ ತುದಿಯಲ್ಲೂ ಅದೇ ಹೋಗಬೇಕು. ಬಟ್ಟಲಿನ ಸೋಲ್ಡರ್ ಕರಗಿಸಿ, ವೈರ್ ಅದ್ದಿ, ಐರನ್ ತೆಗೆಯಿರಿ. ಕೈ ಅಲ್ಲಾಡಬಾರದು. ಮನಸ್ಸಿನಲ್ಲೇ ಐದು ಎಣಿಸಿ. ಗಟ್ಟಿಯಾಗುವಾಗ ಅಲ್ಲಾಡಿದರೆ ನೀವೇ ಒಂದು ಡ್ರೈ ಸೋಲ್ಡರ್ ಮಾಡಿದ ಹಾಗಾಗುತ್ತದೆ. ತಣ್ಣಗಾದ ಮೇಲೆ ಮೆಲ್ಲಗೆ ಎಳೆದು ನೋಡಿ.

ಮುಚ್ಚುವ ಮುಂಚೆ ಮೀಟರ್ ಹಿಡಿಯಿರಿ. 1ರಿಂದ 1ಕ್ಕೆ, 2ರಿಂದ 2ಕ್ಕೆ, 3ರಿಂದ 3ಕ್ಕೆ ಬೀಪ್ ಬರಬೇಕು. 1-2, 2-3, 1-3 ಮಧ್ಯೆ ಬರಬಾರದು. ಜಾಲರಿಯ ಒಂದೇ ಒಂದು ಎಳೆ ಪಕ್ಕದ ಬಟ್ಟಲಿಗೆ ತಾಗಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ.

ಹೆಡ್‌ಫೋನ್ ವೈರ್ ಮಾತ್ರ ಸ್ವಲ್ಪ ಬೇರೆ. ಎಷ್ಟೋ ಹೆಡ್‌ಫೋನುಗಳಲ್ಲಿ ಕೆಂಪು, ಹಸಿರು, ತಾಮ್ರ ಬಣ್ಣದ ಆ ಎಳೆಗಳ ಮೇಲೆ ಕಣ್ಣಿಗೆ ಕಾಣದ ಲೇಪ ಇರುತ್ತದೆ. ಸುಮ್ನೆ ಬೆಸೆದರೆ ಸೋಲ್ಡರ್ ಹಿಡಿಯುವುದಿಲ್ಲ. ಐರನ್ನಿನ ತುದಿಯಲ್ಲಿ ದೊಡ್ಡ ಹನಿ ಸೋಲ್ಡರ್ ಮಾಡಿ, ಎಳೆಯ ತುದಿಯನ್ನು ಅದರಲ್ಲಿ ಮುಳುಗಿಸಿ. ಕೆಲವು ಸೆಕೆಂಡಿನಲ್ಲಿ ಲೇಪ ಸುಟ್ಟು, ವೈರ್ ಬೆಳ್ಳಗಾಗುತ್ತದೆ. ಆಮೇಲೆ ಬೆಸೆಯಿರಿ.

ಬೇರೆಯವರಿಗೆ ಕೊಡುವಾಗ

ನೀವು ಮಾಡುವುದು ಬೇಡ ಅಂತ ತೀರ್ಮಾನ ಆಯಿತು ಅನ್ನಿ. ಆಗಲೂ ನೀವು ಹುಡುಕಿದ್ದು ವ್ಯರ್ಥ ಅಲ್ಲ. ಅಪ್ಪನ ಆಂಪ್ಲಿಫೈಯರ್ ಕೊಡುವಾಗ ನಾನು ಒಂದು ಚೀಟಿ ಬರೆದು ಅದರ ಮೇಲೆ ಅಂಟಿಸಿದ್ದೆ: "ಎಡ ಚಾನೆಲ್ 30 ನಿಮಿಷ ಆದ ಮೇಲೆ ನಿಲ್ಲುತ್ತದೆ. ತಣ್ಣಗಾದರೆ ವಾಪಸ್ ಬರುತ್ತದೆ. ಸ್ಪೀಕರ್, ಕೇಬಲ್ ಅದಲುಬದಲು ಮಾಡಿ ನೋಡಿದೆ, ಅವು ಸರಿ ಇವೆ. ತಳ ಬಿಚ್ಚಿ ನೋಡಿದೆ, ಏನನ್ನೂ ಮುಟ್ಟಿಲ್ಲ." ನೀವು ಏನಾದರೂ ಬೆಸೆದಿದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಅವರ ಅರ್ಧ ದಿನ ಉಳಿಯುತ್ತದೆ.

ರಿಪೇರಿಯವರು ಚೀಟಿ ಓದಿ, ಬಿಸಿಯಾದಾಗ ಬಾಯಿಬಿಡುವ ಜೋಡಣೆಗಳನ್ನೇ ಮೊದಲು ನೋಡಿದರಂತೆ. ಎಡಗಡೆಯ ವಾಲ್ವ್ ಸಾಕೆಟ್ಟಿನ ಒಂದು ಕಾಲಿನ ಸುತ್ತ ಅದೇ ಕಪ್ಪು ಉಂಗುರ ಇತ್ತು. ನಾಲ್ಕನೇ ದಿನ ಆಂಪ್ಲಿಫೈಯರ್ ಮನೆಗೆ ಬಂತು. ಆನ್ ಮಾಡಿ ಎರಡು ಗಂಟೆ ಅದರ ಮುಂದೆಯೇ ಕೂತೆ. ಎಡಗಡೆ ನಿಲ್ಲಲಿಲ್ಲ.